ನಕ್ಷೆಗೆ ಮುಂಚೆ ಅಚ್ಚಾದ ನಾಡು

1890ರ ಸುಮಾರಿಗೆ ಕನ್ನಡ ಮಾತಾಡುವ ರೈತನೊಬ್ಬ ಹೊಲದ ತಕರಾರು ಹಿಡಿದು ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು ಎಂಬುದು ಅವನ ಊರು ಯಾರ ಪಾಲಿಗೆ ಬಂದಿತ್ತು ಎಂಬುದನ್ನು ಅವಲಂಬಿಸಿತ್ತು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದವನಾದರೆ ಅವನ ಸರ್ಕಾರ ಮುಂಬಯಿಯಲ್ಲಿತ್ತು. ಬಳ್ಳಾರಿ, ಮಂಗಳೂರು, ಕೊಳ್ಳೇಗಾಲದವನಾದರೆ ಮದರಾಸಿನಲ್ಲಿ. ರಾಯಚೂರು, ಕಲಬುರಗಿ, ಬೀದರಿನವನಾದರೆ ಹೈದರಾಬಾದಿನ ನಿಜಾಮನ ಕೈಯಲ್ಲಿ. ಕೊಡಗಿಗೆ ಚೀಫ್ ಕಮಿಷನರ್, ಮೈಸೂರಿಗೆ ಒಡೆಯರು. ನಡುನಡುವೆ ಜಮಖಂಡಿ, ಮುಧೋಳ, ಸವಣೂರು, ರಾಮದುರ್ಗ, ಸಂಡೂರಿನಂಥ ಸಣ್ಣಪುಟ್ಟ ಸಂಸ್ಥಾನಗಳು. 1799ರಲ್ಲಿ ಟಿಪ್ಪು ಬಿದ್ದ ಮೇಲೆ, 1818ರಲ್ಲಿ ಪೇಶ್ವೆಯವರ ಆಳ್ವಿಕೆ ಮುಗಿದ ಮೇಲೆ ಗೆದ್ದವರು ಮಾಡಿಕೊಂಡ ಹಂಚಿಕೆ ಇದು. ಹಂಚುವಾಗ ಯಾರು ಯಾವ ಭಾಷೆಯವರು ಎಂದು ಯಾರೂ ಕೇಳಲಿಲ್ಲ. ಹೀಗೆ ಚೂರಾದ ಸೀಮೆಗಳು ಮುಂದೆ ಅರುವತ್ತಾರು ವರ್ಷಗಳಲ್ಲಿ ಒಂದು ರಾಜ್ಯವಾದವು. ಅವನ್ನು ಒಟ್ಟು ತರಲು ಒಬ್ಬ ಅರಸನಿರಲಿಲ್ಲ, ಒಂದು ದಂಡಿರಲಿಲ್ಲ, ಬಹುಕಾಲ ಒಂದು ರಾಜಕೀಯ ಪಕ್ಷವೂ ಇರಲಿಲ್ಲ. ಇದ್ದದ್ದು ಕೆಲವು ಅಚ್ಚುಕೂಟ, ಒಂದಿಷ್ಟು ಮಾಸಪತ್ರಿಕೆ, ನಾಟಕದ ಮಂಡಳಿ, ಶಾಲೆಯ ಪಠ್ಯಪುಸ್ತಕ ಮತ್ತು ವರ್ಷಕ್ಕೊಮ್ಮೆ ಸೇರುವ ಸಾಹಿತ್ಯ ಸಮ್ಮೇಳನ. ಕರ್ನಾಟಕ ಮೊದಲು ಬರವಣಿಗೆಯಲ್ಲಿ ಹುಟ್ಟಿತು, ರಾಜಕೀಯ ಆಮೇಲೆ ಅದನ್ನು ಎತ್ತಿಕೊಂಡಿತು ಎಂಬುದು ಈ ಲೇಖನದ ವಾದ. ಈ ರಾಜ್ಯದ ಔದಾರ್ಯಕ್ಕೂ ಅದರ ಕುರುಡಿಗೂ ಕಾರಣ ಆ ಹುಟ್ಟಿನಲ್ಲೇ ಇದೆ.

ಕತೆ ಶುರುವಾಗುವುದು ಧಾರವಾಡದಲ್ಲಿ. ಪೇಶ್ವೆಯವರ ಕಾಲದಿಂದ ಅಲ್ಲಿ ದಫ್ತರದ ಭಾಷೆ ಮರಾಠಿ. ಬ್ರಿಟಿಷರು ಬಂದ ಮೇಲೂ ಶಾಲೆ, ಕಚೇರಿ, ಪೇಟೆಯ ಲೆಕ್ಕಪತ್ರ ಅದರಲ್ಲೇ ಮುಂದುವರಿಯಿತು. ಮನೆಯಲ್ಲಿ ಕನ್ನಡ ಆಡುವ ಮನುಷ್ಯ ಓದು ಕಲಿತನೆಂದರೆ ಮರಾಠಿ ಕಲಿತನೆಂದೇ ಅರ್ಥ. ಕನ್ನಡ ಶಾಲೆಗಳಿಗೆ ಮೊದಲು ಒತ್ತಾಸೆಯಾದವರಲ್ಲಿ ವಾಲ್ಟರ್ ಎಲಿಯಟ್‌ನಂಥ ಬ್ರಿಟಿಷ್ ಅಧಿಕಾರಿಗಳಿದ್ದರು. ಆದರೆ ಆ ಕೆಲಸಕ್ಕೆ ಬೇರು ಬಿಡಿಸಿದವರು ಶಿಕ್ಷಣ ಇಲಾಖೆಯ ಡೆಪ್ಯೂಟಿ ಚೆನ್ನಬಸಪ್ಪ. ಊರೂರು ತಿರುಗಿ ಕನ್ನಡ ಶಾಲೆ ತೆರೆಸಿ, ಮಾಸ್ತರರನ್ನು ತಯಾರು ಮಾಡಿದವರು ಅವರು. ಆ ಶಾಲೆಗಳಲ್ಲಿ ಕಲಿತ ತಲೆಮಾರು ಬೆಳೆದು ನಿಂತಾಗ ಅವರಿಗೆ ಓದಲು ಏನಿದೆ ಎಂಬ ಪ್ರಶ್ನೆ ಎದುರಾಯಿತು. 1890ರ ಜುಲೈ 20ರಂದು ರಾ.ಹ. ದೇಶಪಾಂಡೆ ಮತ್ತು ಗೆಳೆಯರು ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಈ ಪ್ರಶ್ನೆಗೆ ಉತ್ತರ. ಸಂಘದ ಆರಂಭದ ಕೆಲಸವನ್ನು ಇವತ್ತಿನವರು ನೋಡಿದರೆ ಸಪ್ಪೆ ಎನ್ನಬಹುದು. ಕನ್ನಡದಲ್ಲಿ ಪುಸ್ತಕ ಬರೆಸುವುದು, ಬರೆದವರಿಗೆ ಬಹುಮಾನ ಕೊಡುವುದು, ಅಚ್ಚು ಹಾಕಿಸುವುದು. 1896ರಿಂದ ‘ವಾಗ್ಭೂಷಣ’ ಎಂಬ ಪತ್ರಿಕೆ ನಡೆಸುವುದು. ಒಂದು ಮೆರವಣಿಗೆಯಿಲ್ಲ, ಒಂದು ಘೋಷಣೆಯಿಲ್ಲ ಎಂದು ಬರೆಯಲು ಹೊರಟರೆ ‘ಸಿರಿಗನ್ನಡಂ ಗೆಲ್ಗೆ’ ಅಡ್ಡ ಬರುತ್ತದೆ. ಆ ಘೋಷಣೆ ಹುಟ್ಟಿದ್ದೂ ಈ ಪುಸ್ತಕದ ಸಂಘದಿಂದಲೇ.

ಸಂಘಕ್ಕಿಂತ ಮೊದಲೇ ಗದುಗಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಮರಾಠಿ ನಾಟಕ ಮಂಡಳಿಗಳು ಕನ್ನಡ ಊರುಗಳಲ್ಲಿ ಠಿಕಾಣಿ ಹೂಡಿ ತುಂಬಿದ ಪ್ರೇಕ್ಷಕರೆದುರು ಆಡುತ್ತಿದ್ದವು. ಮಾತು ಪೂರ್ತಿ ತಿಳಿಯದಿದ್ದರೂ ಜನ ಹೋಗುತ್ತಿದ್ದರು. ಸಕ್ಕರಿ ಬಾಳಾಚಾರ್ಯರೆಂಬ ಶಾಲಾ ಮಾಸ್ತರರು, ಸಾಹಿತ್ಯದಲ್ಲಿ ಶಾಂತಕವಿಗಳೆಂದು ಹೆಸರಾದವರು, 1870ರ ದಶಕದಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿ ಕನ್ನಡದಲ್ಲೇ ನಾಟಕ ಬರೆದು ಆಡಿಸಿದರು. ಇಲ್ಲೊಂದು ಸೊಗಸಾದ ತಿರುವಿದೆ. ಮರಾಠಿ ರಂಗಭೂಮಿಯ ಆರಂಭವೆಂದು ಹೇಳುವ 1843ರ ಸಾಂಗಲಿಯ ವಿಷ್ಣುದಾಸ ಭಾವೆಯವರ ಪ್ರಯೋಗಕ್ಕೆ ಪ್ರೇರಣೆ ಕೊಟ್ಟದ್ದು ಕನ್ನಡ ಕರಾವಳಿಯಿಂದ ಹೋದ ಭಾಗವತರ ಮೇಳ. ಕೊಟ್ಟದ್ದು ಬೇರೆ ರೂಪದಲ್ಲಿ ತಿರುಗಿ ಬಂದು ಕನ್ನಡವನ್ನೇ ರಂಗದಿಂದ ತಳ್ಳುತ್ತಿದ್ದಾಗ ಒಬ್ಬ ಮಾಸ್ತರರು ಅದನ್ನು ಮರಳಿ ಪಡೆಯಲು ಕೂತರು. ಆ ನಾಟಕಗಳ ಸಾಹಿತ್ಯದ ಬೆಲೆ ಎಷ್ಟು ಎಂಬುದು ಬೇರೆ ಮಾತು. ರಾತ್ರಿಯಿಡೀ ಎದ್ದು ಕೂತು ತಮ್ಮ ಮಾತಿನ ನಾಟಕ ನೋಡಿದ ಓದುಬಾರದ ಜನರಿಗೆ ತಾವೂ ಒಂದು ಭಾಷೆಯವರು ಎಂಬುದು ಮನಸ್ಸಿಗೆ ಬಂದದ್ದು ರಂಗದ ಮುಂದೆ.

ಇದರ ಜೊತೆಗೆ ಇನ್ನೊಂದು ಹೊಳೆ ಬಂದು ಸೇರಿತು, ಹಳೆಯ ಪುಸ್ತಕ ಮತ್ತು ಶಾಸನಗಳದ್ದು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರು ಸಮಾಚಾರ’ ಹೊರಡಿಸಿದಾಗಿನಿಂದ ಬಾಸೆಲ್ ಮಿಷನ್ನಿನ ಅಚ್ಚುಕೂಟ ಕನ್ನಡಕ್ಕೆ ದುಡಿಯುತ್ತಿತ್ತು. 1894ರಲ್ಲಿ ಕಿಟ್ಟೆಲ್‌ರ ನಿಘಂಟು ಬಂತು. ಮೈಸೂರಿನಲ್ಲಿ ಬಿ.ಎಲ್. ರೈಸ್ ಶಾಸನಗಳ ಸಂಪುಟಗಳನ್ನು ಒಂದರ ಹಿಂದೆ ಒಂದರಂತೆ ಹೊರಡಿಸಿದರು. ಮುಂಬಯಿ ಸರ್ಕಾರದ ಜೆ.ಎಫ್. ಫ್ಲೀಟ್ ಕನ್ನಡ ಜಿಲ್ಲೆಗಳನ್ನಾಳಿದ ಅರಸುಮನೆತನಗಳ ಚರಿತ್ರೆಯನ್ನು 1882ರಲ್ಲಿ ಪ್ರಕಟಿಸಿದರು. 1898ರಲ್ಲಿ ಕೆ.ಬಿ. ಪಾಠಕರು ‘ಕವಿರಾಜಮಾರ್ಗ’ವನ್ನು ಸಂಪಾದಿಸಿ ಹೊರತಂದರು. ಒಂಬತ್ತನೆಯ ಶತಮಾನದ ಆ ಲಕ್ಷಣಗ್ರಂಥ ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹರಡಿತ್ತೆಂದು ಹೇಳುತ್ತದೆ. ಈ ಒಂದು ಮಾತು ಮುಂದೆ ಎಷ್ಟು ಭಾಷಣಗಳಲ್ಲಿ, ಎಷ್ಟು ಮನವಿಗಳಲ್ಲಿ ಬಂತೋ ಲೆಕ್ಕವಿಲ್ಲ. ಗಮನಿಸಬೇಕಾದದ್ದೇನೆಂದರೆ, ಒಂದು ಸಾವಿರ ವರ್ಷ ತಾಳೆಗರಿಯಲ್ಲಿದ್ದಾಗ ಆ ಮಾತು ಕಾವ್ಯಶಾಸ್ತ್ರದ ಒಂದು ವಿವರವಷ್ಟೇ ಆಗಿತ್ತು. ಅಚ್ಚಾಗಿ ಧಾರವಾಡದ ವಕೀಲರ ಕೈಗೆ ಬಂದ ಮೇಲೆ ಅದು ಹಕ್ಕುಪತ್ರವಾಯಿತು. ರೈಸ್, ಫ್ಲೀಟ್ ಯಾರೂ ಕನ್ನಡ ರಾಜ್ಯ ಕಟ್ಟಲು ಹೊರಟವರಲ್ಲ. ಅವರು ಕೊಟ್ಟ ಸಾಮಗ್ರಿಯಿಂದ ಏನು ಕಟ್ಟಬೇಕೆಂದು ತೀರ್ಮಾನಿಸಿದವರು ಓದಿದ ಕನ್ನಡಿಗರು.

ಅವರಲ್ಲಿ ಮುಖ್ಯರು ಆಲೂರು ವೆಂಕಟರಾಯರು. 1880ರಲ್ಲಿ ವಿಜಯಪುರದಲ್ಲಿ ಹುಟ್ಟಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ವಕೀಲರಾಗಿ, ಆ ವೃತ್ತಿಯನ್ನು ಬಿಟ್ಟು ಬರವಣಿಗೆಗೆ ನಿಂತವರು. ಪುಣೆಯಲ್ಲಿ ಅವರು ಕಂಡದ್ದು ತಿಲಕರ ಕಾಲದ ಮಹಾರಾಷ್ಟ್ರವನ್ನು. ಬಖರು, ಇತಿಹಾಸ, ಪತ್ರಿಕೆ, ಉತ್ಸವ ಎಲ್ಲ ಒಂದಾಗಿ ಒಂದು ಜನಕ್ಕೆ ತಾವು ಯಾರು ಎಂದು ಹೇಳಿಕೊಡುತ್ತಿದ್ದ ಹೊತ್ತು ಅದು. ತಮ್ಮ ನಾಡಿನವರಿಗೆ ಹಾಗೊಂದು ಕತೆಯೇ ಇಲ್ಲವಲ್ಲ ಎಂಬ ಕೊರಗು ಅಲ್ಲಿ ಹುಟ್ಟಿತು. 1905ರಲ್ಲಿ ಆನೆಗೊಂದಿಗೆ ಹೋದಾಗ ಹಂಪಿಯ ಹಾಳು ನೋಡಿದ್ದು ಆ ಕೊರಗಿಗೆ ರೂಪ ಕೊಟ್ಟಿತು. 1917ರ ಅವರ ‘ಕರ್ನಾಟಕ ಗತವೈಭವ’ ಕದಂಬ, ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರಗಳನ್ನು ಒಂದೇ ನಾಡಿನ ಒಂದೇ ಕತೆಯೆಂಬಂತೆ ಹೇಳಿದ ಪುಸ್ತಕ. ಬಾದಾಮಿಯ ಪುಲಕೇಶಿಗೂ ವಿಜಯನಗರದ ಕೃಷ್ಣದೇವರಾಯನಿಗೂ ತಾವಿಬ್ಬರೂ ಒಂದೇ ಸರಪಳಿಯ ಕೊಂಡಿಗಳೆಂದು ಎಂದೂ ಅನ್ನಿಸಿರಲಾರದು. ರಾಯನಂತೂ ಕಾವ್ಯ ಬರೆದದ್ದು ತೆಲುಗಿನಲ್ಲಿ. ಇತಿಹಾಸಕಾರನ ಕಟ್ಟುನಿಟ್ಟಿನಿಂದ ನೋಡಿದರೆ ಆಲೂರರ ಪುಸ್ತಕದಲ್ಲಿ ತಕರಾರು ತೆಗೆಯಲು ಬೇಕಾದಷ್ಟಿದೆ. ಆದರೆ ಅದನ್ನು ಓದಿದ ಬಳ್ಳಾರಿಯವನಿಗೂ ಬೀದರಿನವನಿಗೂ ತಮ್ಮ ತಮ್ಮ ಜಿಲ್ಲೆಯ ಆಚೆಗೆ ತಾವು ಸೇರಿದ ಜಾಗವೊಂದಿದೆ ಎಂದು ಮೊದಲ ಸಲ ಕಾಣಿಸಿತು. ಕನ್ನಡತನದ ಈ ಮಾದರಿಯನ್ನು ನಾವು ಕಲಿತದ್ದು ಮರಾಠಿಯವರಿಂದ ಎಂದು ಒಪ್ಪಿಕೊಳ್ಳಲು ಮುಜುಗರ ಬೇಡ. ಆಲೂರರೇ ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರು.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ಸಾಹಿತ್ಯವನ್ನು ಇಷ್ಟು ದೊಡ್ಡದು ಮಾಡುವುದು ಸಾಹಿತಿಗಳ ಚಟ. ನಿಜವಾದ ಕಾರಣ ನೌಕರಿ, ಶಾಲೆ, ನೀರು, ರಸ್ತೆ. ಮುಂಬಯಿ ಸರ್ಕಾರ ಕನ್ನಡ ಜಿಲ್ಲೆಗಳನ್ನು ಕಡೆಗಣಿಸಿತು, ಮದರಾಸು ಬಳ್ಳಾರಿಯನ್ನು ಮರೆಯಿತು, ನಿಜಾಮನ ರಾಜ್ಯದಲ್ಲಿ ಉರ್ದು ಬಾರದವನಿಗೆ ಬಾಗಿಲೇ ಇರಲಿಲ್ಲ. ಈ ಹೊಟ್ಟೆಪಾಡಿನ ಸಿಟ್ಟಿಗೆ ಕವಿಗಳು ಹಾಡು ಕಟ್ಟಿದರು, ಅಷ್ಟೆ. ಈ ವಾದದಲ್ಲಿ ಹುರುಳಿದೆ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಶುರುವಾದಾಗ ಕಲಬುರಗಿಯ ಹುಡುಗನಿಗೆ ಆದ ತೊಂದರೆ ಕಾವ್ಯದ್ದಲ್ಲ. ಆದರೆ ಅದೇ ಹೊಟ್ಟೆಪಾಡಿನ ಸಿಟ್ಟು ಬೇರೆ ದಾರಿಗಳನ್ನೂ ಹಿಡಿಯಬಹುದಿತ್ತು, ಹಿಡಿದೂ ಇತ್ತು. 1904ರಲ್ಲಿ ವೀರಶೈವ ಮಹಾಸಭೆ ಸ್ಥಾಪನೆಯಾದದ್ದು ಇದೇ ಧಾರವಾಡದಲ್ಲಿ. 1916ರಲ್ಲಿ ಬೆಳಗಾವಿಯಲ್ಲಿ ಲಿಂಗಾಯತರ ಕೆ.ಎಲ್.ಇ. ಶಿಕ್ಷಣ ಸಂಸ್ಥೆ ಹುಟ್ಟಿತು. ಮುಂಬಯಿ ಪ್ರಾಂತದಲ್ಲಿ ಬ್ರಾಹ್ಮಣೇತರ ಪಕ್ಷ ಬಲವಾಗಿತ್ತು. ಮೈಸೂರಿನಲ್ಲಿ 1918ರ ಮಿಲ್ಲರ್ ಸಮಿತಿಯ ಹಿಂದೆ ಇದ್ದದ್ದು ಜಾತಿಯ ಲೆಕ್ಕ, ಭಾಷೆಯದ್ದಲ್ಲ. ನೌಕರಿಯ ಹಸಿವು ಜಾತಿಯ ಗುಂಪನ್ನೂ ಕಟ್ಟುತ್ತದೆ, ಜಿಲ್ಲೆಯ ಗುಂಪನ್ನೂ ಕಟ್ಟುತ್ತದೆ. ಅದು ರಾಯಚೂರು ಮತ್ತು ಮಂಗಳೂರನ್ನು ಒಂದೇ ಗುಂಪಿಗೆ ಸೇರಿಸಬೇಕಾದರೆ ಈ ಎರಡೂ ಊರಿನವರು ಒಂದೇ ಎಂದು ಮೊದಲು ಯಾರೋ ಹೇಳಿರಬೇಕು. ಹೇಳಿದ್ದು ಬರವಣಿಗೆ.

ಆ ಆಕ್ಷೇಪಕ್ಕೆ ಇನ್ನೂ ಗಟ್ಟಿಯಾದ ಉತ್ತರ ಮೈಸೂರು. ಮೈಸೂರು ಸಂಸ್ಥಾನದಲ್ಲಿ ಕನ್ನಡಕ್ಕೆ ಧಾರವಾಡದಂಥ ಕಷ್ಟವಿರಲಿಲ್ಲ. ಅರಮನೆ, ಕಚೇರಿ, ಶಾಲೆಗಳಲ್ಲಿ ಕನ್ನಡವಿತ್ತು. ವಿದ್ಯುತ್ತು, ಅಣೆಕಟ್ಟು, 1916ರಲ್ಲಿ ಸ್ವಂತ ವಿಶ್ವವಿದ್ಯಾಲಯ ಬಂದ ಸುಖೀ ರಾಜ್ಯವದು. ಆರ್ಥಿಕ ಲಾಭವೇ ಎಲ್ಲವಾಗಿದ್ದರೆ ಮೈಸೂರಿನವರಿಗೆ ಉಳಿದ ಕನ್ನಡಿಗರ ಗೊಡವೆ ಬೇಕಿರಲಿಲ್ಲ. ಆದರೂ 1915ರ ಮೇ 5ರಂದು ಬೆಂಗಳೂರಿನಲ್ಲಿ ಎಲ್ಲ ಪ್ರಾಂತಗಳ ಕನ್ನಡಿಗರನ್ನು ಕರೆದು ಸಾಹಿತ್ಯ ಪರಿಷತ್ತು ಕಟ್ಟಿದ್ದು ಇದೇ ಮೈಸೂರು. ಅರಸರ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಬೆಂಬಲ ಅದಕ್ಕಿತ್ತು, ಎಚ್.ವಿ. ನಂಜುಂಡಯ್ಯನವರು ಮೊದಲ ಅಧ್ಯಕ್ಷರಾದರು. ಅದಕ್ಕೂ ನಾಲ್ಕು ವರ್ಷ ಮುಂಚೆ, 1911ರಲ್ಲಿ, ಮೈಸೂರಿನ ಪ್ರಾಧ್ಯಾಪಕ ಬಿ.ಎಂ. ಶ್ರೀಕಂಠಯ್ಯನವರು ಧಾರವಾಡದ ವಿದ್ಯಾವರ್ಧಕ ಸಂಘಕ್ಕೆ ಹೋಗಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತಾಡಿದ್ದರು. ಕಷ್ಟದಲ್ಲಿದ್ದ ಧಾರವಾಡ ಮತ್ತು ಸುಖದಲ್ಲಿದ್ದ ಮೈಸೂರು ಕೈಕುಲುಕಿದ್ದು ಸಾಹಿತ್ಯದ ವೇದಿಕೆಯಲ್ಲಿ. ಮುಂದೆ ರಾಜಕೀಯದ ವೇದಿಕೆಯಲ್ಲಿ ಇದೇ ಮೈಸೂರು ಎಷ್ಟು ಕೊಸರಾಡಿತು ಎಂಬುದನ್ನು ನೋಡಿದರೆ ಎರಡರ ವ್ಯತ್ಯಾಸ ತಿಳಿಯುತ್ತದೆ.

ಪರಿಷತ್ತಿನ ಸಮ್ಮೇಳನಗಳು ನಡೆದ ಊರುಗಳ ಪಟ್ಟಿಯನ್ನು ಒಮ್ಮೆ ಓದಬೇಕು. ಮೊದಲ ಮೂರು ಬೆಂಗಳೂರು ಮತ್ತು ಮೈಸೂರಿನಲ್ಲಿ. 1918ರಲ್ಲಿ ಧಾರವಾಡ, 1920ರಲ್ಲಿ ಹಂಪಿಯ ಪಕ್ಕದ ಹೊಸಪೇಟೆ, 1923ರಲ್ಲಿ ವಿಜಯಪುರ, 1926ರಲ್ಲಿ ಬಳ್ಳಾರಿ, 1927ರಲ್ಲಿ ಮಂಗಳೂರು, 1928ರಲ್ಲಿ ನಿಜಾಮನ ಕಲಬುರಗಿ, 1931ರಲ್ಲಿ ಕಾರವಾರ, 1932ರಲ್ಲಿ ಮಡಿಕೇರಿ, 1934ರಲ್ಲಿ ರಾಯಚೂರು, 1937ರಲ್ಲಿ ಜಮಖಂಡಿ. ಐದು ಸರ್ಕಾರಗಳ, ಹತ್ತಾರು ಸಂಸ್ಥಾನಗಳ ಗಡಿ ದಾಟಿ ಓಡಾಡಿದ ಈ ಸಮ್ಮೇಳನದ ಹೆಜ್ಜೆಗಳನ್ನು ಗೆರೆ ಎಳೆದು ಸೇರಿಸಿದರೆ ಹೆಚ್ಚುಕಡಮೆ 1956ರ ರಾಜ್ಯದ ನಕ್ಷೆ ಬರುತ್ತದೆ. ಅಲ್ಲಿ ನಡೆದ ಚರ್ಚೆಗಳಲ್ಲಿ ಬಹುಪಾಲು ಬೇಸರದ್ದೇ ಇದ್ದಿರಬೇಕು: ಗ್ರಂಥಭಾಷೆ ಯಾವುದಿರಬೇಕು, ಕಾಗುಣಿತ ಹೇಗೆ, ಪಾರಿಭಾಷಿಕ ಶಬ್ದ ಯಾವುದು. ಧಾರವಾಡದ, ಮಂಗಳೂರಿನ, ಮೈಸೂರಿನ ಆಡುಮಾತು ಒಬ್ಬರದು ಒಬ್ಬರಿಗೆ ನಗೆ ತರಿಸುವಷ್ಟು ಬೇರೆ ಬೇರೆ. ಮೂವರೂ ಓದಬಲ್ಲ ಒಂದು ಬರಹದ ಕನ್ನಡ ತಯಾರಾದದ್ದು ಈ ಬೇಸರದ ಚರ್ಚೆಗಳಿಂದ ಮತ್ತು ಅದೇ ಕಾಲದ ಸೃಜನಶೀಲರ ಕೈಗಳಿಂದ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’, ಮಾಸ್ತಿಯವರ ಸಣ್ಣಕತೆಗಳು, ಬೇಂದ್ರೆಯವರ ‘ಗರಿ’, ಕಾರಂತರ ಮತ್ತು ಕುವೆಂಪು ಅವರ ಕಾದಂಬರಿಗಳು ಬಂದವು. ಬೇಂದ್ರೆ ಧಾರವಾಡದ ಓಣಿಯ ಮಾತನ್ನು ಬಿಡಲಿಲ್ಲ, ಕುವೆಂಪು ಮಲೆನಾಡನ್ನು ಬಿಡಲಿಲ್ಲ, ಕಾರಂತರು ಕಡಲತಡಿಯನ್ನು ಬಿಡಲಿಲ್ಲ. ಬೇರೆ ಸರ್ಕಾರದ ಪ್ರಜೆಯ ಬದುಕು ಓದುಗನಿಗೆ ತನ್ನ ನಾಡಿನದೇ ಎಂದು ಅನ್ನಿಸಲು ಇವರ ಪುಸ್ತಕಗಳು ಸಾಕಾದವು.

ಓದುಗರೆಷ್ಟಿದ್ದರು ಎಂದು ಕೇಳಬಹುದು. 1931ರ ಜನಗಣತಿಯ ಹೊತ್ತಿಗೂ ಭಾರತದಲ್ಲಿ ನೂರಕ್ಕೆ ಹತ್ತು ಜನಕ್ಕೂ ಓದುಬರಹ ಬರುತ್ತಿರಲಿಲ್ಲ. ನಾಲ್ಕು ಜನ ಮೇಷ್ಟ್ರು, ವಕೀಲರು ಓದಿದ ಪುಸ್ತಕದಿಂದ ನಾಡು ಹುಟ್ಟೀತೇ? ಪುಸ್ತಕದಿಂದಲೇ ಹುಟ್ಟಲಿಲ್ಲ, ಪುಸ್ತಕ ಬಿಟ್ಟು ಹೊರಬಂದ ಬರವಣಿಗೆಯಿಂದ ಹುಟ್ಟಿತು. ನಾಟಕ, ಗಮಕ, ಕೀರ್ತನೆ, ಶಾಲೆಯ ಬೆಳಗಿನ ಪ್ರಾರ್ಥನೆ ಅದರ ವಾಹನಗಳು. 1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆ ಮತ್ತು ಅವರ ಗೆಳೆಯರ ಗುಂಪು ನವರಾತ್ರಿಯ ಹೊತ್ತಿಗೆ ನಾಡಹಬ್ಬ ನಡೆಸಿತು. ಅದು ಊರೂರಿಗೆ ಹಬ್ಬಿತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನೆರೆದಾಗ ಆ ಜಾಗಕ್ಕೆ ಇಟ್ಟ ಹೆಸರು ವಿಜಯನಗರ, ಮಹಾದ್ವಾರಕ್ಕೆ ಹಂಪಿಯ ಗೋಪುರದ ರೂಪ, ನೀರಿಗಾಗಿ ತೋಡಿಸಿದ ಬಾವಿಗೆ ಪಂಪಾ ಸರೋವರವೆಂದು ನಾಮಕರಣ. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಅಲ್ಲಿ ಮೊಳಗಿತು. ಏಳು ವರ್ಷದ ಹಿಂದೆ ಆಲೂರರ ಪುಸ್ತಕದಲ್ಲಿದ್ದದ್ದು ಈಗ ಮರ, ಬಟ್ಟೆ, ಕಲ್ಲು, ರಾಗಗಳಾಗಿ ಸಾವಿರಾರು ಜನರ ಕಣ್ಣೆದುರು ನಿಂತಿತ್ತು. ಅದೇ ಬೆಳಗಾವಿಯಲ್ಲಿ, ಅದೇ ದಿನಗಳಲ್ಲಿ, ಮೊದಲ ಏಕೀಕರಣ ಪರಿಷತ್ತು ಸೇರಿತು. ಅದರ ಅಧ್ಯಕ್ಷರು ಬ್ರಾಹ್ಮಣೇತರ ಪಕ್ಷದ ಸಿದ್ದಪ್ಪ ಕಂಬಳಿ, ಕಾಂಗ್ರೆಸ್ಸಿನವರಲ್ಲ. ಆಮಂತ್ರಣ ಪತ್ರಿಕೆಯಲ್ಲೂ ಒಟ್ಟಿಗೆ ಬಾರದ ಎರಡು ಪಂಗಡಗಳನ್ನು ಒಂದು ಚಪ್ಪರದಡಿ ತಂದ ಶಕ್ತಿ ಕನ್ನಡದ್ದೆಂದು ಬೇರೆ ಹೇಳಬೇಕಿಲ್ಲ.

ಬರವಣಿಗೆಯಿಂದ ಹುಟ್ಟಿದ ನಾಡಿಗೆ ಒಂದು ವಿಶೇಷ ಗುಣ ಬಂತು. ರಕ್ತದಿಂದ ಸಿಗುವ ಗುರುತಿಗೆ ಹುಟ್ಟಿಯೇ ಸೇರಬೇಕು. ಓದಿ ಬರೆದು ಸಿಗುವ ಗುರುತಿಗೆ ಯಾರು ಬೇಕಾದರೂ ಸೇರಬಹುದು. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿ, ಕೈಲಾಸಂ, ಪು.ತಿ.ನ. ಅವರ ಮನೆಮಾತು ತಮಿಳು. ಪಂಜೆ ಮಂಗೇಶರಾಯರು, ಮಂಜೇಶ್ವರದ ಗೋವಿಂದ ಪೈಗಳು ಮನೆಯಲ್ಲಿ ಆಡುತ್ತಿದ್ದದ್ದು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಆಧುನಿಕ ಕನ್ನಡದ ತಲೆಯಾಳುಗಳಲ್ಲಿ ಇಷ್ಟು ಮಂದಿ ಬೇರೆ ಮನೆಮಾತಿನವರು ಎಂಬುದು ಆಕಸ್ಮಿಕವಲ್ಲ. ಇವರಲ್ಲಿ ಮಾಸ್ತಿ 1929ರಲ್ಲಿ, ಪಂಜೆ 1934ರಲ್ಲಿ, ಬೇಂದ್ರೆ 1943ರಲ್ಲಿ, ಗೋವಿಂದ ಪೈ 1951ರಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಇವರು ಕನ್ನಡಿಗರು ಹೌದೋ ಅಲ್ಲವೋ ಎಂಬ ಮಾತು ಯಾರಿಗೂ ಹೊಳೆಯಲಿಲ್ಲ. ಭಾಷೆಯ ರಾಜಕೀಯ ಎಂದೊಡನೆ ಪರಭಾಷಿಕರ ಮೇಲಿನ ಸಿಟ್ಟು ಎಂದು ತಿಳಿಯುವವರು ಈ ಹೆಸರುಗಳನ್ನು ನೆನೆಯಬೇಕು. ಇಂದು ಕನ್ನಡದ ಹೆಸರಿನಲ್ಲಿ ಮನೆಮಾತು ಕೇಳಿ ಮನುಷ್ಯನನ್ನು ಅಳೆಯುವವರೂ ನೆನೆಯಬೇಕು.

ಆದರೆ ರಾಜ್ಯ ಎಂಬುದು ಕೊನೆಗೆ ನಕ್ಷೆಯ ಮೇಲಿನ ಗೆರೆ. ಗೆರೆ ಎಳೆಯುವವರು ಕವಿತೆ ನೋಡಿ ಎಳೆಯುವುದಿಲ್ಲ. 1920ರ ನಾಗಪುರ ಅಧಿವೇಶನದಲ್ಲಿ ಭಾಷಾವಾರು ಪ್ರಾಂತ ಸಮಿತಿಗಳನ್ನು ಒಪ್ಪಿದ್ದ ಕಾಂಗ್ರೆಸ್ಸು ಸ್ವಾತಂತ್ರ್ಯ ಬಂದ ಮೇಲೆ ಹಿಂಜರಿಯಿತು. 1948ರ ಧರ್ ಆಯೋಗ ಬೇಡವೆಂದಿತು. ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಪ್ರಾಣ ಬಿಟ್ಟ ಮೇಲೆ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಯಿತು. ಅದೇ ವರ್ಷ ಅದರಗುಂಚಿಯ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಕೂತರು, ಹುಬ್ಬಳ್ಳಿಯ ಬೀದಿಗಳಲ್ಲಿ ಜನ ಕಾಂಗ್ರೆಸ್ ನಾಯಕರ ಮೇಲೆಯೇ ತಿರುಗಿಬಿದ್ದರು. ಬಳ್ಳಾರಿ ಮೈಸೂರಿಗೆ ಸೇರುವ ಸಂಭ್ರಮದ ಹೊತ್ತಿನಲ್ಲಿ, ಅದರ ಚಪ್ಪರಕ್ಕೆ ಕಾವಲಿದ್ದ ಪೈಲ್ವಾನ್ ರಂಜಾನ್ ಸಾಬ್ ಆಸಿಡ್ ಬಲ್ಬಿನ ದಾಳಿಗೆ ಬಲಿಯಾದರು. ಮೈಸೂರಿನ ರಾಜಕಾರಣಿಗಳಲ್ಲಿ ಅನೇಕರು ಆಗ ಮಾಡುತ್ತಿದ್ದ ಲೆಕ್ಕ ಬೇರೆ: ಹಿಂದುಳಿದ ಉತ್ತರದ ಜಿಲ್ಲೆಗಳನ್ನು ಯಾಕೆ ಸಾಕಬೇಕು, ರಾಜ್ಯ ಒಂದಾದರೆ ಒಕ್ಕಲಿಗರ ಬಲ ಕುಗ್ಗಿ ಲಿಂಗಾಯತರದು ಏರುತ್ತದಲ್ಲ ಎಂಬುದು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಈ ಲೆಕ್ಕವನ್ನು ಬದಿಗಿಟ್ಟು ಏಕೀಕರಣದ ಪರ ನಿಂತರು. ಹೊಸ ರಾಜ್ಯ ಬರುವ ಮೊದಲೇ ಕುರ್ಚಿ ಕಳೆದುಕೊಂಡರು. ಮೈಸೂರು ವಿಶ್ವವಿದ್ಯಾಲಯದ ನೌಕರಿಯಲ್ಲಿದ್ದ ಕುವೆಂಪು ‘ಅಖಂಡ ಕರ್ನಾಟಕ’ ಎಂಬ ಕವಿತೆಯನ್ನೇ ಬರೆದು ರಾಜಕಾರಣಿಗಳ ಈ ಲೇವಾದೇವಿಯನ್ನು ಧಿಕ್ಕರಿಸಿದರು. ಫಜಲ್ ಅಲಿ ಆಯೋಗದ ಶಿಫಾರಸಿನ ಮೇಲೆ 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿತು, ಎಸ್. ನಿಜಲಿಂಗಪ್ಪನವರು ಅದರ ಮೊದಲ ಮುಖ್ಯಮಂತ್ರಿಯಾದರು.

ಆಯೋಗ ಗಡಿ ಗುರುತಿಸಲು ನೆಚ್ಚಿದ್ದು ಜನಗಣತಿಯ ಮಾತೃಭಾಷೆಯ ಅಂಕಣವನ್ನು, ಜೊತೆಗೆ ಆಡಳಿತದ ಅನುಕೂಲವನ್ನು. ಓದಿ ಆರಿಸಿಕೊಂಡ ಕನ್ನಡತನವನ್ನು ದಾಖಲಿಸಲು ಆ ಅಂಕಣದಲ್ಲಿ ಜಾಗವಿರಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಅಲ್ಲಿ 1948ರಲ್ಲಿ ಸಾಹಿತ್ಯ ಸಮ್ಮೇಳನ ನಡೆದಿತ್ತು. ಮನೆಯಲ್ಲಿ ತುಳು, ಕೊಂಕಣಿ, ಮಲಯಾಳ ಆಡುತ್ತ ಶಾಲೆಯಲ್ಲಿ, ಪತ್ರದಲ್ಲಿ, ಯಕ್ಷಗಾನದಲ್ಲಿ ಕನ್ನಡವನ್ನು ತಮ್ಮದಾಗಿಸಿಕೊಂಡ ಸೀಮೆ ಅದು. 1949ರಲ್ಲಿ ಮದರಾಸು ಸರ್ಕಾರದಿಂದ ರಾಷ್ಟ್ರಕವಿ ಎನ್ನಿಸಿಕೊಂಡ ಗೋವಿಂದ ಪೈಗಳು ಮಂಜೇಶ್ವರದ ತಮ್ಮ ಮನೆಯಿಂದ ಒಂದಡಿಯೂ ಆಚೆ ಇಡದೆ ಕರ್ನಾಟಕದ ಹೊರಗಿನವರಾದರು; 1963ರಲ್ಲಿ ತೀರಿಕೊಳ್ಳುವ ತನಕ ಕೇರಳದ ಪ್ರಜೆಯಾಗಿಯೇ ಇದ್ದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಆ ವರದಿ ಜಾರಿಯಾಗಲಿಲ್ಲ.

ಈಗ ಎಲ್ಲಕ್ಕಿಂತ ಕಠಿಣವಾದ ಆಕ್ಷೇಪಕ್ಕೆ ಬರಬೇಕು. ಈ ನಾಡನ್ನು ಬರೆದವರು ಯಾರು? ವಕೀಲರು, ಮೇಷ್ಟ್ರುಗಳು, ಪ್ರಾಧ್ಯಾಪಕರು. ಬಹುಪಾಲು ಮೇಲುಜಾತಿಯವರು, ಬಹುಪಾಲು ಗಂಡಸರು. ಮನೆಮಾತು ಬೇರೆಯಾದವನನ್ನು ತಡೆಯದ ಬಾಗಿಲು ಅಕ್ಷರವಿಲ್ಲದವನಿಗೆ ತೆರೆದಿರಲಿಲ್ಲ. ಗತವೈಭವದ ಪುಟಗಳಲ್ಲಿ ಚಕ್ರವರ್ತಿಗಳಿದ್ದರು, ಅವರ ಕೋಟೆಗೆ ಕಲ್ಲು ಹೊತ್ತವರಿರಲಿಲ್ಲ. ಹನ್ನೆರಡನೆಯ ಶತಮಾನದ ವಚನಗಳಲ್ಲಿ ಸಮಗಾರರು, ಮಾದಾರರು, ಅಂಬಿಗರು, ಕಾಯಕದ ಹೆಂಗಸರು ಮಾತಾಡಿದ್ದಾರೆ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ತಾಳೆಗರಿ ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿ, ಅಚ್ಚುಕೂಟಕ್ಕಾಗಿ ಮನೆಯನ್ನೇ ಮಾರಿ ಆ ಧ್ವನಿಗಳನ್ನು ಹೊರತಂದರು. ಅವನ್ನು ನಾಡಿನ ಹೆಮ್ಮೆ ಎಂದು ಕೊಂಡಾಡುವವರು ಹೊಲಗೇರಿಯ ಹುಡುಗ ಇಂದು ಏನು ಹೇಳುತ್ತಾನೆ ಎಂದು ಕೇಳಲಿಲ್ಲ. ಈ ಆಕ್ಷೇಪವನ್ನು ತಳ್ಳಿಹಾಕಲು ನನ್ನಲ್ಲಿ ಯಾವ ಸಾಕ್ಷ್ಯವೂ ಇಲ್ಲ, ತಳ್ಳಿಹಾಕುವ ಮನಸ್ಸೂ ಇಲ್ಲ. ಆದರೆ ಆ ಆಕ್ಷೇಪ ಎದ್ದು ಬಂದ ರೀತಿ ನನ್ನ ವಾದವನ್ನೇ ಬಲಪಡಿಸುತ್ತದೆ.

ದೇವರಾಜ ಅರಸು ಅವರ ಸರ್ಕಾರ 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟಿತು. ಆಲೂರರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅದೇ ತಿಂಗಳು, ಅದೇ ಸಂಪುಟದ ದಲಿತ ಮಂತ್ರಿ ಬಿ. ಬಸವಲಿಂಗಪ್ಪನವರು, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದವರು, ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳವಿದೆ ಎಂದರು. ರಾಜ್ಯ ಹೊತ್ತಿ ಉರಿಯಿತು. ಮೆರವಣಿಗೆಗಳು ನಡೆದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಸಾಹಿತ್ಯದ ಬಗ್ಗೆ ಆಡಿದ ಒಂದು ಟೀಕೆಗೆ ಮಂತ್ರಿಯೊಬ್ಬ ಕುರ್ಚಿ ಕಳೆದುಕೊಳ್ಳುವ ರಾಜ್ಯ ಎಂಥದ್ದು? ಸಾಹಿತ್ಯವನ್ನೇ ತಳಪಾಯ ಮಾಡಿಕೊಂಡು ಎದ್ದ ರಾಜ್ಯ. ತಳಪಾಯದಲ್ಲಿ ತಮ್ಮ ಕಲ್ಲಿಲ್ಲ ಎಂದವನ ಮಾತು ಆ ಜನಕ್ಕೆ ಕೆಡವುವವನ ಮಾತಾಗಿ ಕೇಳಿಸಿತು. ಅಂದಿನ ಸಿಟ್ಟನ್ನು ಭಾಷಾಭಿಮಾನ ಎಂದು ಕರೆದು ಮುಗಿಸಿಬಿಡುವುದು ಅನ್ಯಾಯ; ಅದರಲ್ಲಿ ಜಾತಿ ಸ್ಪಷ್ಟವಾಗಿಯೇ ಇತ್ತು.

ಹೊಡೆತ ತಿಂದ ಹುಡುಗರಿಗೆ ಕನ್ನಡವನ್ನು ಬಿಟ್ಟು ನಡೆಯಲು ಕಾರಣ ಸಾಕಷ್ಟಿತ್ತು, ಇಂಗ್ಲಿಷಿನ ದಾರಿಯನ್ನು ಬಸವಲಿಂಗಪ್ಪನವರೇ ತೋರಿಸಿದ್ದರು. ಆದರೂ ಆ ಹುಡುಗರು ಕನ್ನಡದಲ್ಲೇ ಬರೆದರು. ದೇವನೂರ ಮಹಾದೇವರ ‘ದ್ಯಾವನೂರು’ ಬಂದದ್ದು ಆ 1973ರಲ್ಲೇ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ. ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ಬೆಳೆದ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳು ಹಳ್ಳಿಗಳಿಗೆ ನುಗ್ಗಿದ್ದು ಸಿದ್ಧಲಿಂಗಯ್ಯನವರ ಹಾಡುಗಳನ್ನು ಹಾಡಿಕೊಂಡು. 1870ರ ದಶಕದಲ್ಲಿ ಶಾಂತಕವಿ ಮಾಡಿದ್ದನ್ನೇ ಒಂದು ಶತಮಾನದ ಮೇಲೆ ಬೇರೆ ಜನ, ಬೇರೆ ಕಾರಣಕ್ಕೆ, ಹೆಚ್ಚು ಬೆಲೆ ತೆತ್ತು ಮಾಡಿದರು. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಎಂದು ಕೇಳಿದಾಗ ಸಿಗಲಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯ ಸಮ್ಮೇಳನ ಸೇರಿತು. ಆಮೇಲೆ ಬಂದ ಕನ್ನಡ ಸಾಹಿತ್ಯವನ್ನು ಈ ಹೆಸರುಗಳಿಲ್ಲದೆ ಪಾಠ ಮಾಡಲು ಯಾವ ವಿಶ್ವವಿದ್ಯಾಲಯಕ್ಕೂ ಆಗುವುದಿಲ್ಲ. 2010ರಲ್ಲಿ ಪರಿಷತ್ತು ನೃಪತುಂಗನ ಹೆಸರಿನ ಪ್ರಶಸ್ತಿಯನ್ನು ದೇವನೂರರಿಗೆ ಘೋಷಿಸಿದಾಗ, ಪ್ರಾಥಮಿಕ ಶಾಲೆಗಳಲ್ಲಿ ಕನ್ನಡ ಮಾಧ್ಯಮ ಬಾರದಿರುವ ಕಾರಣ ಮುಂದಿಟ್ಟು ಅವರು ಅದನ್ನು ನಿರಾಕರಿಸಿದರು. ಸಿದ್ಧಲಿಂಗಯ್ಯನವರು 2015ರಲ್ಲಿ ಶ್ರವಣಬೆಳಗೊಳದ 81ನೇ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಧರ್ಮಸ್ಥಳದಲ್ಲಿ ಸಿಗದ ಒಂದು ಗೋಷ್ಠಿಯಿಂದ ಅಲ್ಲಿಗೆ ತಲುಪಲು 36 ವರ್ಷ ಹಿಡಿಯಿತು.